ಪಿಕಳಾರದ ಗೂಡಿನ ಮುಂದೆ ಒಂದು ಬೆಳಗು

ಈ ಪತ್ರಿಕೆಯಲ್ಲಿ ನಾವು ವಾಡಿಕೆಯಾಗಿ ಬರೆಯುವುದು ಬೋರ್ಡೋ ದ್ರಾವಣ, ಗೊಬ್ಬರ ಮತ್ತು ಬಾಕಿ ಸಾಲಗಳ ಬಗೆಗೆ. ಈ ಸಲ ಅವನ್ನೆಲ್ಲ ಒಂದು ಪುಟದ ಮಟ್ಟಿಗೆ ಬದಿಗಿಟ್ಟಿದ್ದೇವೆ. ಸಂಘದ ಗೋದಾಮಿನಲ್ಲಿ ತಕ್ಕಡಿಯ ಮೇಲುಗಡೆ ತೂಗುಹಾಕಿರುವ ಹಕ್ಕಿಯ ಚಿತ್ರವನ್ನು ಕಂಡು, ಇದನ್ನು ತೆಗೆದದ್ದು ಹೇಗೆಂದು ಕೇಳಿದ ಸದಸ್ಯರು ಒಬ್ಬಿಬ್ಬರಲ್ಲ. ಕೆಲವರ ಮನೆಯ ಮಕ್ಕಳು ಕ್ಯಾಮೆರಾ ಹಿಡಿದು ತೋಟ ಸುತ್ತತೊಡಗಿದ್ದಾರೆಂದೂ ಕೇಳಿದ್ದೇವೆ. ಅವರಿಗೆ ಆ ಚಿತ್ರದ ಕಥೆಗಿಂತ ಮೊದಲು, 2019ರ ಏಪ್ರಿಲಿನಲ್ಲಿ ನಾವು ಕೆಡಿಸಿದ ಇನ್ನೊಂದು ಗೂಡಿನ ಕಥೆಯನ್ನು ಹೇಳಬೇಕಾಗಿದೆ.

ಪಿಕಳಾರವನ್ನು ಕಾಣದ ಬೆಳೆಗಾರರಿಲ್ಲ. ತಲೆಯ ಮೇಲೆ ಕರಿಯ ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಮತ್ತೆ ಕೆಂಪು. ಇದು ಗೂಡು ಕಟ್ಟಲು ಎತ್ತರದ ಮರವನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಾಫಿ ಗಿಡದ ರೆಕ್ಕೆಗಳ ನಡುವೆ, ನಮ್ಮ ಸೊಂಟದೆತ್ತರದಲ್ಲೇ, ನಾರುಬೇರು, ಒಣ ಎಲೆ, ಜೇಡರ ಬಲೆಗಳನ್ನು ಸೇರಿಸಿ ಸಣ್ಣ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಎರಡೋ ಮೂರೋ ಮೊಟ್ಟೆ. ಕಾವು ಸುಮಾರು 12 ದಿನ. ಮರಿ ಗೂಡು ಬಿಡುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ. ನಾಲ್ಕು ವಾರದೊಳಗೆ ಎಲ್ಲ ವ್ಯವಹಾರವೂ ಮುಗಿಯುತ್ತದೆ. ಆದರೆ ಹೂಮಳೆಯ ನಂತರ ಮಳೆಗಾಲ ಹಿಡಿಯುವ ಮೊದಲಿನ ಆ ದಿನಗಳಲ್ಲೇ ನಮಗೂ ಮರಗಸಿಯ, ಕಂಬಚಿಗುರು ತೆಗೆಯುವ ಅವಸರವಿರುತ್ತದೆ.

2019ರ ಗೂಡನ್ನು ತೋರಿಸಿದ್ದು ಚಿಗುರು ತೆಗೆಯಲು ಬಂದಿದ್ದ ಹೆಣ್ಣಾಳೊಬ್ಬರು. ಮೂರು ಮರಿಗಳಿದ್ದವು. ಆದರೆ ಎರಡು ರೆಕ್ಕೆ ಅಡ್ಡಬಂದು, ಎಲ್ಲಿಂದ ನೋಡಿದರೂ ಎಲೆಯೇ ಕಾಣುತ್ತಿತ್ತು. ಕಡಿಯಲು ಮನಸ್ಸು ಬರಲಿಲ್ಲವಾಗಿ, ಬಾಳೆನಾರಿನಿಂದ ಅವೆರಡನ್ನೂ ಹಿಂದಕ್ಕೆ ಎಳೆದು ಕಟ್ಟಿದೆವು. ಕಡಿಯಲಿಲ್ಲವೆಂಬ ಹೆಮ್ಮೆ ಬೇರೆ! ಬಿಸಿಲು ನೇರವಾಗಿ ಗೂಡಿಗೆ ಬಿತ್ತು. ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆವು. ನಾಳೆಯೂ ಬರುವುದಿದೆಯಲ್ಲ ಎಂದು ಕಟ್ಟನ್ನು ಬಿಚ್ಚದೆ ತಿಂಡಿಗೆ ಹೋದೆವು.

ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ಎರಡು ಸಾಲು ಆಚೆ ಕೆಂಬೂತವೊಂದು ಏನೂ ತಿಳಿಯದಂತೆ ನಡೆದುಹೋಗುತ್ತಿತ್ತು. ಗೂಡಿನ ಮರಿ ತಿನ್ನುವ ಅದರ ಚಾಳಿ ಎಲ್ಲರಿಗೂ ಗೊತ್ತು. ಹಾಲುವಾಣದ ಕೊನೆಯಲ್ಲಿ ತಾಯಿಯೋ ತಂದೆಯೋ ಕೊಕ್ಕಿನಲ್ಲಿ ಹುಳು ಹಿಡಿದು ಕೂತಿತ್ತು. ಗೂಡಿನ ಅಂಚಿಗೆ ಬಂತು, ನೋಡಿತು, ಮತ್ತೆ ಮರಕ್ಕೆ ಹೋಯಿತು. ಹೀಗೆ ನಾಲ್ಕೈದು ಸಲ. ಹುಳುವನ್ನು ಮಾತ್ರ ಬಿಡಲಿಲ್ಲ. 'ಎಲೆ ಮುಚ್ಕಂಡಿದ್ರೆ ಕಾಣ್ತಿರ್ಲಿಲ್ಲ, ಅಯ್ಯಾ' ಎಂದಷ್ಟೇ ಹೇಳಿ ಆ ಹೆಣ್ಣಾಳು ಮುಂದಿನ ಗಿಡಕ್ಕೆ ಹೋದರು. ಹಿಂದಿನ ದಿನದ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು. ಅವನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ.

ಗೂಡಿನ ಚಿತ್ರ ತೆಗೆಯುವುದು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರ ತಲೆಮಾರಿನವರು ಮರೆ ಕಟ್ಟಿಕೊಂಡು ದಿನಗಟ್ಟಲೆ ಕಾದವರು. ನಮ್ಮಂತೆಯೇ ಕಾಫಿ ಬೆಳೆಗಾರರಾಗಿದ್ದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ (1938–2007) ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ಅಲೆದವರೇ. ಆದರೆ ಈಗ ಕ್ಯಾಮೆರಾ ಹಿಡಿದವರ ಸಂಖ್ಯೆ ಬಹಳ ಬೆಳೆದಿದೆ. ಗೂಡಿನ ಚಿತ್ರಗಳನ್ನು ಒಪ್ಪಿಕೊಳ್ಳದ ಸ್ಪರ್ಧೆಗಳೂ ಹಲವಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ ಗೂಡುಗಳನ್ನು ಕದಲಿಸುವುದೂ ಸೇರಿದೆ. ಬಾಳೆನಾರು ಕಟ್ಟುವಾಗ ನಮಗೆ ಇದು ನೆನಪಾಗಲಿಲ್ಲ.

2023ರಲ್ಲಿ ಮನೆಯ ಹಿಂದಿನ ಪಟ್ಟಿಯಲ್ಲಿ ಮತ್ತೊಂದು ಗೂಡು ಸಿಕ್ಕಿತು. ಈ ಸಲ ಗಿಡದ ತಂಟೆಗೆ ಹೋಗದೆ ನಮ್ಮ ಜಾಗವನ್ನೇ ಬದಲಿಸಿದೆವು. ಸುತ್ತ ಒಂದು ಬಾರಿ ದೂರದಿಂದ ನೋಡಿ, ಎಲೆಗಳ ನಡುವೆ ತಾನಾಗಿಯೇ ಕಿಂಡಿಯಿದ್ದ ಒಂದು ದಿಕ್ಕನ್ನು ಗುರುತು ಮಾಡಿಕೊಂಡೆವು. ಅಲ್ಲಿ ಇಪ್ಪತ್ತೈದು ಅಡಿ ಹಿಂದೆ ಗೋಣಿತಾಟಿನ ಮರೆ. ಅದನ್ನೂ ಒಂದೇ ದಿನ ನಿಲ್ಲಿಸಲಿಲ್ಲ. ಮೊದಲ ದಿನ ನಲವತ್ತು ಅಡಿಯಲ್ಲಿಟ್ಟು, ಹಕ್ಕಿಗಳು ಎಂದಿನಂತೆ ಬಂದುಹೋಗುವುದನ್ನು ಕಂಡ ಮೇಲೆಯೇ ಮುಂದಕ್ಕೆ ತಂದೆವು. ಹೊತ್ತು ಮೂಡುವ ಮೊದಲೇ ಒಳಗೆ ಕೂತರೆ ಎಂಟೂವರೆಗೆ ಹೊರಕ್ಕೆ. ಮನೆಯಲ್ಲಿ ಇದಕ್ಕೆ ಸಿಕ್ಕ ಮರ್ಯಾದೆಯನ್ನು ಇಲ್ಲಿ ಬರೆಯುವುದಿಲ್ಲ.

ಬೆಳಗಿನ ಹೊತ್ತೇ ಏಕೆಂದರೆ, ರಾತ್ರಿಯೆಲ್ಲ ಹಸಿದ ಮರಿಗಳಿಗೆ ಆಗ ತುತ್ತು ಬೇಗ ಬೇಗ ಬರುತ್ತದೆ. ಬೆಳಕೂ ಓರೆಯಾಗಿ, ಮಂಜಿನಲ್ಲಿ ಸೋಸಿಕೊಂಡು, ಮರಗಳ ಬುಡದಿಂದ ಒಳಕ್ಕೆ ಹರಿಯುತ್ತದೆ. ಒಂಬತ್ತು ದಾಟಿದರೆ ಮೇಲಿನಿಂದ ಬೀಳುವ ಬಿಸಿಲಿನ ಚುಕ್ಕೆಗಳಲ್ಲಿ ಹಕ್ಕಿ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಬರುತ್ತದೆ. ಆರೂವರೆಯ ಬೆಳಕು ಕಡಿಮೆ ಎಂಬುದು ನಿಜ. ಹಿಂದೆ ನೂರು ಎ.ಎಸ್.ಎ. ಫಿಲ್ಮಿನಲ್ಲಿ ಸೆಕೆಂಡಿನ 1/30 ವೇಗ ಸಿಗುತ್ತಿದ್ದ ಕಡೆ, ಈಗಿನ ಕ್ಯಾಮೆರಾವನ್ನು 1600ಕ್ಕೆ ಏರಿಸಿದರೆ ಸುಮಾರು 1/500 ಸಿಗುತ್ತದೆ. ತುತ್ತು ಕೊಡುವ ತಲೆಯ ಚಲನೆಗೆ ಅದು ಸಾಕು. ಫ್ಲಾಷ್ ಬೇಡವೇ ಬೇಡ.

ಹಕ್ಕಿ ನೇರವಾಗಿ ಗೂಡಿಗೆ ಬರುವುದಿಲ್ಲ. ಮೊದಲು ಸಿಲ್ವರ್ ಓಕಿನ ಒಂದು ಒಣಕಡ್ಡಿ, ಅಲ್ಲಿ ಆಚೀಚೆ ನೋಟ, ಆಮೇಲೆ ಪಕ್ಕದ ಕಾಫಿ ಗಿಡ, ಅಲ್ಲಿಂದ ಗೂಡು. ಪ್ರತಿ ಸಲವೂ ಅದೇ ದಾರಿ. ಮೊದಮೊದಲು ತಂದದ್ದೆಲ್ಲ ಮೆತ್ತನೆಯ ಹುಳು. ದಿನ ಕಳೆದಂತೆ ಹಣ್ಣೂ ಸೇರಿತು. ತುತ್ತು ಕೊಟ್ಟ ಮೇಲೆ ಒಂದು ಕ್ಷಣ ಕಾಯುತ್ತದೆ: ಮರಿಯ ಹಿಕ್ಕೆ ಬಿಳಿಯ ಪೊಟ್ಟಣದಂತೆ ಬರುತ್ತದೆ, ಅದನ್ನು ನುಂಗುತ್ತದೆ ಇಲ್ಲವೇ ದೂರ ಒಯ್ಯುತ್ತದೆ. ಕೊಳಕು ಗೂಡಿನ ವಾಸನೆ ಶತ್ರುವಿಗೆ ದಾರಿ ತೋರಿಸೀತು ತಾನೇ. ಹಕ್ಕಿ ಕಡ್ಡಿಯ ಮೇಲೆ ಕೂತು ಕೆಳಗಿಳಿಯದೆ ಕೂಗುತ್ತಲೇ ಇದ್ದರೆ ತೊಂದರೆ ನಮ್ಮಿಂದ ಎಂದೇ ತಿಳಿದು ಎದ್ದು ಬರಬೇಕು. ನಾವೂ ಒಂದು ದಿನ ಹಾಗೆ ಎದ್ದು ಬಂದೆವು.

ಆ ಪಟ್ಟಿಯ ಮರಗಸಿಯನ್ನು ಹದಿನೈದು ದಿನ ಮುಂದೂಡಿದೆವು. ಮೇಸ್ತ್ರಿ ಗೊಣಗಿದರು, ಆಳುಗಳನ್ನು ಬೇರೆ ಪಟ್ಟಿಗೆ ಕಳಿಸಿದರು, ಲೆಕ್ಕದಲ್ಲಿ ನಷ್ಟವೇನೂ ಕಾಣಲಿಲ್ಲ. ಎರಡು ಮರಿಗಳೂ ಹಾರಿದವು. ಈ ವರ್ಷ ಚಿಗುರು ತೆಗೆಯುವವರಿಗೆ, ಗೂಡು ಕಂಡ ಗಿಡಕ್ಕೆ ಕೈಹಾಕಬೇಡಿ, ಪಕ್ಕದ ಸಾಲಿನ ತುದಿಯಲ್ಲಿ ಒಂದು ಬಟ್ಟೆ ಚೂರು ಕಟ್ಟಿ ಎಂದು ಹೇಳಿದ್ದೇವೆ. ಸದಸ್ಯರೂ ತಮ್ಮ ಆಳುಗಳಿಗೆ ಹೇಳಬಹುದು. ಇದಕ್ಕೆ ಸಂಘದ ಠರಾವು ಬೇಕಾಗಿಲ್ಲ.

ಗೋದಾಮಿನ ಚಿತ್ರದ ಎಡಭಾಗದಲ್ಲಿ ಮಸುಕಾಗಿ ಕಾಣುವುದು ಕಾಫಿ ಎಲೆ. ಲೆನ್ಸ್ ಕೆಟ್ಟಿದೆಯೇ ಎಂದು ಕೇಳಿದ ಹಿರಿಯ ಸದಸ್ಯರಿಗೆ ಇದೇ ಉತ್ತರ.