ಅನ್ನರಸವು ರಕ್ತವನ್ನು ಸೇರುವ ಬಗೆ

ನಾವು ಉಂಡ ಅನ್ನವು ಹೊಟ್ಟೆಗೆ ಇಳಿದ ಮಾತ್ರಕ್ಕೆ ದೇಹಕ್ಕೆ ದಕ್ಕಿತೆಂದು ಹೇಳಲಾಗದು. ಅದು ಜೀರ್ಣವಾಗಿ, ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಿದಾಗಲೇ ನಮಗೆ ಬಲವಾಗುವುದು. ಈ ಕಾರ್ಯವು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿ ನಡೆಯುವುದು.

ಸಣ್ಣ ಕರುಳಿನ ಒಳಮೈಯು ನುಣುಪಾಗಿರದೆ ಮಖಮಲ್ಲಿನಂತೆ ಇರುವುದು. ಅದರ ಮೇಲೆ ಸುಮಾರು 1 ಮಿಲಿಮೀಟರಿನಷ್ಟು ಎತ್ತರದ ಅಸಂಖ್ಯಾತವಾದ ಅಂಕುರಗಳುಂಟು. ಒಂದೊಂದು ಅಂಕುರದಲ್ಲಿಯೂ ಕೂದಲಿಗಿಂತ ತೆಳುವಾದ ರಕ್ತನಾಳಗಳೂ, ಅವುಗಳ ನಡುವೆ ಒಂದು ದುಗ್ಧರಸನಾಳವೂ ಇರುವುವು. ಅನ್ನದಿಂದಾದ ಸಕ್ಕರೆಯೂ ಬೇಳೆಯ ಸಾರವೂ ರಕ್ತನಾಳಗಳನ್ನು ಹೊಕ್ಕು ಮೊದಲು ಯಕೃತ್ತಿಗೆ ಹೋಗುವುವು. ಎಣ್ಣೆ ತುಪ್ಪಗಳ ಸಾರವಾದರೋ ಹೆಚ್ಚಾಗಿ ದುಗ್ಧರಸನಾಳದ ಸುತ್ತುದಾರಿಯನ್ನು ಹಿಡಿದು ಕತ್ತಿನ ಬುಡದಲ್ಲಿ ರಕ್ತವನ್ನು ಕೂಡುವುದು.

ಇವುಗಳಲ್ಲಿ ಸಕ್ಕರೆಯ ಪ್ರವೇಶದಲ್ಲಿ ಒಂದು ವಿಶೇಷವುಂಟು. ಗ್ಲೂಕೋಸು ಉಪ್ಪಿನಲ್ಲಿರುವ ಸೋಡಿಯಮ್ಮಿನೊಡನೆ ಜೊತೆಗೂಡಿ ಒಂದೇ ಬಾಗಿಲಿನಿಂದ ಒಳಹೊಗುವುದು. ಇವೆರಡರ ಬೆನ್ನಿಗೆ ನೀರೂ ಹೋಗುವುದು. ಈ ಜೊತೆಯ ಮರ್ಮವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ತಿಳಿಸಿದರು.

ಕಾಲರಾ ರೋಗದಲ್ಲಿ ಕರುಳು ನೀರನ್ನು ಹೀರುವುದರ ಬದಲಾಗಿ ಹೊರಸುರಿಸುವುದು; ಆದರೂ ಈ ಜೊತೆಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಲವಣಜಲವು ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸು, ಉಪ್ಪು, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಮರಣವು ಅವರ ಆರೈಕೆಯಲ್ಲಿ 4ಕ್ಕಿಂತ ಕಡಿಮೆಯಾಯಿತು.

ಮಗುವಿಗೆ ಭೇದಿಯಾದಾಗ ನೀರನ್ನು ಕೊಡಬಾರದೆಂಬ ಭಾವನೆಯು ಬಹು ಅಪಾಯಕರವಾದುದು. ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯನ್ನು ಅದರ ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿನಲ್ಲಿ ಕಲಸಬೇಕು. ಅದು ಸಿಕ್ಕದಿದ್ದರೆ ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾದ 6 ಚಹಾಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಹಾಕಿ, ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಅಳತೆಯು ಮೀರಬಾರದು, ಉಪ್ಪು ಹೆಚ್ಚಿದರೆ ಕೇಡುಂಟು. ತಾಯಿಯ ಹಾಲನ್ನಾಗಲಿ ಆಹಾರವನ್ನಾಗಲಿ ನಿಲ್ಲಿಸಕೂಡದು. ಮಗುವು ಕುಡಿಯಲಾರದೆ ಮಂಕಾದರೆ, ಅಥವಾ ಮಲದಲ್ಲಿ ರಕ್ತವು ಕಂಡರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಸೃಷ್ಟಿಕರ್ತನು ಕರುಳಿನಲ್ಲಿಟ್ಟ ಆ ಚಿಕ್ಕ ಬಾಗಿಲಿನ ಬೀಗದ ಕೈ ನಮ್ಮ ಅಡಿಗೆಮನೆಯ ಉಪ್ಪು ಸಕ್ಕರೆಗಳಲ್ಲಿಯೇ ಇರುವುದು. ಈ ಶಾಲೆಯಲ್ಲಿ ಓದಿದ ಒಬ್ಬೊಬ್ಬಳೂ ಇದನ್ನು ತಾನು ತಿಳಿದು, ನೆರೆಮನೆಯ ತಾಯಿಗೂ ತಿಳಿಸಲಿ.