ಪದವಿ ಬಿಟ್ಟವರ ದಿನ

ಅಕ್ಟೋಬರ್ 2 ಎಂದೊಡನೆ ನೆನಪಿಗೆ ಬರುವುದು ಗಾಂಧೀಜಯಂತಿ. 1869ರ ಈ ದಿನ ಪೋರಬಂದರಿನಲ್ಲಿ ಜನಿಸಿದ ಮಹಾತ್ಮರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠವನ್ನು ಅಲಂಕರಿಸಿದುದು ಒಂದೇ ಒಂದು ಬಾರಿ. 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಸ್ವತಂತ್ರ ಭಾರತದಲ್ಲಿ ಅವರು ಯಾವ ಅಧಿಕಾರವನ್ನೂ ವಹಿಸಲಿಲ್ಲ.

1904ರ ಇದೇ ದಿನ ಮೊಘಲ್‌ಸರಾಯಿಯಲ್ಲಿ ಇನ್ನೊಂದು ಶಿಶುವಿನ ಜನನವಾಯಿತು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಆ ಮಗುವೇ ಲಾಲ್ ಬಹಾದೂರ್ ಶಾಸ್ತ್ರಿ. 1956ರ ನವೆಂಬರಿನಲ್ಲಿ ದಕ್ಷಿಣದ ಅರಿಯಲೂರಿನ ಬಳಿ ಮಳೆಗೆ ಸೇತುವೆ ಕುಸಿದು, ರೈಲು ಹೊಳೆಗೆ ಉರುಳಿ, ನೂರಕ್ಕೂ ಹೆಚ್ಚು ಮಂದಿ ಮಡಿದರು. ಸೇತುವೆಯ ಕಾವಲು ಮಂತ್ರಿಯ ಕೈಕೆಲಸವಲ್ಲ. ಆದರೂ ರೈಲ್ವೆ ಮಂತ್ರಿಗಳಾಗಿದ್ದ ಶಾಸ್ತ್ರಿಗಳು ಹೊಣೆ ತಮ್ಮದೆಂದು ರಾಜೀನಾಮೆಯಿತ್ತರು.

ಮದ್ರಾಸಿನಲ್ಲಿ ಒಂಬತ್ತು ವರ್ಷ ಮುಖ್ಯಮಂತ್ರಿಗಳಾಗಿದ್ದ ಕೆ. ಕಾಮರಾಜರು ತಾವಾಗಿಯೇ ಪದವಿಯನ್ನು ತ್ಯಜಿಸಿದುದು 1963ರ ಗಾಂಧೀಜಯಂತಿಯಂದು. ಹಿರಿಯರು ಅಧಿಕಾರ ಬಿಟ್ಟು ಪಕ್ಷದ ಕಾರ್ಯಕ್ಕೆ ಇಳಿಯಬೇಕೆಂಬುದು ಅವರದೇ ಯೋಜನೆ. ಅದರಂತೆ ಶಾಸ್ತ್ರಿಗಳೂ ಆ ವರ್ಷ ಕೇಂದ್ರ ಸಂಪುಟದಿಂದ ಹೊರಬಂದಿದ್ದರು. ಮರುವರ್ಷ ನೆಹರೂ ಅವರು ತೀರಿಕೊಂಡಾಗ, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಕಾಮರಾಜರು ತಾವು ಪೀಠವೇರಲಿಲ್ಲ. ಶಾಸ್ತ್ರಿಗಳು ಪ್ರಧಾನಿಗಳಾಗುವಂತೆ ಎಲ್ಲರನ್ನೂ ಒಮ್ಮತಕ್ಕೆ ತಂದರು.

ಕಾಮರಾಜರು ಕಣ್ಣು ಮುಚ್ಚಿದುದು 1975ರಲ್ಲಿ. ಅಂದೂ ಅಕ್ಟೋಬರ್ 2!

ಹುಟ್ಟುವ ದಿನ, ಸಾಯುವ ದಿನ ಮನುಷ್ಯನ ಕೈಯಲ್ಲಿಲ್ಲ. ಪದವಿಯನ್ನು ಬಿಡುವ ದಿನವನ್ನು ಮಾತ್ರ ಅವನು ತಾನೇ ಆರಿಸಿಕೊಳ್ಳಬಲ್ಲನು. ಕಾಮರಾಜರು ಈ ದಿನವನ್ನೇ ಆರಿಸಿಕೊಂಡರು.