ಹೈನುಗಾರರ ಬೆಳಗು: ಕೊಟ್ಟಿಗೆಯಿಂದ ಡೈರಿಯವರೆಗೆ

ಕೋಲಾರ, ಮಂಡ್ಯ, ಹಾಸನ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಹಸು ಕಟ್ಟಿದ ಮನೆಯ ದೀಪ ಬೆಳಗಿನ ಐದು ಗಂಟೆಗೆಲ್ಲ ಉರಿಯುತ್ತದೆ. ಅಷ್ಟು ಬೇಗ ಏಳಲು ಕಾರಣಗಳು ಎರಡು. ಊರಿನ ಹಾಲು ಉತ್ಪಾದಕರ ಸಹಕಾರ ಸಂಘ, ಅಂದರೆ ಜನರ ಬಾಯಲ್ಲಿ ‘ಡೈರಿ’, ಹಾಲು ಅಳೆದುಕೊಳ್ಳುವುದು ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ. ಹಾಲಿನ ಗಾಡಿ ಬಂದು ಹೋದ ಮೇಲೆ ಕ್ಯಾನು ಹಿಡಿದು ಬಂದವರು ಅದನ್ನು ಮನೆಗೇ ವಾಪಸು ಒಯ್ಯಬೇಕಾಗುತ್ತದೆ. ಇನ್ನೊಂದು ಕಾರಣ ಹಸುವಿನ ಮೈಯೊಳಗೇ ಇದೆ. ಹಿಂದಿನ ಸಂಜೆ ಕರೆದ ಕ್ಷಣದಿಂದ ಕೆಚ್ಚಲು ಮತ್ತೆ ತುಂಬತೊಡಗಿರುತ್ತದೆ. ತುಂಬಿದಷ್ಟೂ ಒಳಗಿನ ಒತ್ತಡ ಹೆಚ್ಚಿ ಹಾಲು ಊರುವ ವೇಗ ತಗ್ಗುತ್ತದೆ. ಹನ್ನೆರಡು ಹದಿಮೂರು ಗಂಟೆ ಕಳೆದ ಮೇಲೂ ಕರೆಯದೆ ಬಿಟ್ಟರೆ ಆ ಹೊತ್ತಿನ ಹಾಲು ಕಡಿಮೆಯಾಗುವುದಲ್ಲದೆ, ದಿನವೂ ಹೀಗೇ ಆದರೆ ಹಸು ಬೇಗ ಬತ್ತುತ್ತದೆ. ಹಾಗಾಗಿ ಹಬ್ಬವಿರಲಿ, ಮದುವೆಯಿರಲಿ, ಮನೆಯಲ್ಲಿ ಸಾವೇ ಆಗಿರಲಿ, ಯಾರಾದರೂ ಒಬ್ಬರು ಕೊಟ್ಟಿಗೆಗೆ ಇಳಿಯಲೇಬೇಕು.

ಮೊದಲ ಕೆಲಸ ಸಗಣಿ ಬಾಚುವುದು. ಮಿಶ್ರತಳಿಯ ದೊಡ್ಡ ಹಸುವೊಂದು ದಿನಕ್ಕೆ 15ರಿಂದ 20 ಕಿಲೊ ಸಗಣಿ ಹಾಕುತ್ತದೆ. ಅದರಲ್ಲಿ ಅರ್ಧದಷ್ಟು ರಾತ್ರಿಯದೇ. ಎರಡು ಹಸುವಿನ ಮನೆಯಲ್ಲಿ ಎರಡು ಮೂರು ಮಂಕರಿ ತಿಪ್ಪೆಗೆ ಹೋದ ಮೇಲೆ ಗಂಜಲ ಹರಿಯುವ ಮೋರಿ ತೊಳೆದು ನೆಲಕ್ಕೆ ನೀರು ಹೊಡೆಯುತ್ತಾರೆ. ಇದು ಅಚ್ಚುಕಟ್ಟಿಗೆ ಮಾತ್ರ ಮಾಡುವ ಕೆಲಸವೆಂದುಕೊಂಡರೆ ತಪ್ಪಾದೀತು. ಹಾಲಿಗೆ ಸೇರುವ ಸೂಕ್ಷ್ಮಾಣುಗಳಲ್ಲಿ ಹೆಚ್ಚಿನವು ಬರುವುದು ಸಗಣಿ ಮೆತ್ತಿದ ಕೆಚ್ಚಲು, ಬಾಲದ ಕುಚ್ಚು, ತೊಳೆಯದ ಕೈ ಮತ್ತು ಪಾತ್ರೆಗಳಿಂದ. ಕರೆಯುವ ಹೊತ್ತಿಗೆ ಒಣ ಹುಲ್ಲು ಕೊಡವುವುದನ್ನೂ ತಿಳಿದವರು ಮಾಡುವುದಿಲ್ಲ. ಹುಲ್ಲಿನ ದೂಳು ನೇರವಾಗಿ ಬಕೆಟ್ಟಿಗೆ ಬೀಳುತ್ತದೆ.

ಬಾಚುತ್ತಿರುವಾಗಲೇ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಅದು ಹಸುವನ್ನು ನೋಡುವುದು. ರಾತ್ರಿ ಹಾಕಿದ ಮೇವು ಗೋದಲಿಯಲ್ಲಿ ಉಳಿದಿದೆಯೆ, ಸಗಣಿ ತೆಳ್ಳಗಾಗಿದೆಯೆ, ಮೂಗಿನ ತುದಿ ಒದ್ದೆಯಿದೆಯೆ, ಮೆಲುಕು ಹಾಕುತ್ತಿದೆಯೆ ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಹಸು ಬೆದೆಗೆ ಬಂದಿರುವುದು ಹೆಚ್ಚಾಗಿ ಗೊತ್ತಾಗುವುದೂ ಬೆಳಗಿನಲ್ಲೇ. ಬಿಟ್ಟೂಬಿಡದೆ ಕೂಗುವುದು, ಬಾಲದ ಬುಡದಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ ಇಳಿಯುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು ಅದರ ಗುರುತುಗಳು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿ. ಈ ಸೂಚನೆಯನ್ನು ಗಮನಿಸದೆ ಬಿಟ್ಟವರು ಸುಮಾರು 21 ದಿನ ಕಾಯಬೇಕು. ಕರು ಹಾಕುವುದು ಅಷ್ಟು ತಡವಾದಂತೆ ಮುಂದಿನ ಸೂಲಿನ ಹಾಲೂ ತಡವಾಗುತ್ತದೆ. ದಿನಗಟ್ಟಲೆ ಖಾಲಿ ನಿಂತ ಹಸುವಿಗೆ ಹಾಕುವ ಮೇವಿನ ಲೆಕ್ಕ ಸಣ್ಣ ರೈತನಿಗೆ ಹಾಲಿನ ದರದಷ್ಟೇ ಮುಖ್ಯ.

ಕರೆಯುವ ಮುಂಚೆ ಹಸುವಿನ ಮುಂದೆ ಒಂದಿಷ್ಟು ತಿಂಡಿ ಇಡುತ್ತಾರೆ. ಸಂಘದಿಂದ ತಂದ ಪಶು ಆಹಾರ, ಬೂಸಾ, ಹಿಂಡಿ ಇವುಗಳನ್ನು ಕಲಸಿ ಬಾನಿಗೆ ಹಾಕುವುದುಂಟು. ಹಿಂದಿನ ರಾತ್ರಿಯ ಕಲಗಚ್ಚನ್ನು ಇದಕ್ಕೆ ಸೇರಿಸುವ ಮನೆಗಳು ಇನ್ನೂ ಇವೆ. ಅನ್ನ ಹೆಚ್ಚಾಗಿ ಬಿದ್ದ ಕಲಗಚ್ಚು ಮಾತ್ರ ಕೆಡುಕು: ಪಿಷ್ಟ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಹಸು ಮೇವು ಬಿಡುತ್ತದೆ. ಮದುವೆ ಮನೆಯ ಮರುದಿನ ಪಶುವೈದ್ಯರಿಗೆ ಕೆಲಸ ಹೆಚ್ಚಲು ಇದೇ ಕಾರಣ.

ಇನ್ನು ಕರೆಯುವುದು. ಬೆಳಗಿನ ಇಡೀ ಕೆಲಸದಲ್ಲಿ ಅವಸರವೂ ತಾಳ್ಮೆಯೂ ಒಟ್ಟಿಗೆ ಬೇಕಾಗುವುದು ಇಲ್ಲಿ. ಕೆಚ್ಚಲಲ್ಲಿ ಹಾಲಿದ್ದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಹಸು ತೊರೆ ಬಿಡಬೇಕು. ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಬಟ್ಟೆಯಿಂದ ಒರೆಸಿ, ಮೊಲೆಗಳನ್ನು ನೀವಿದಾಗ ಆ ಸ್ಪರ್ಶದ ಸುದ್ದಿ ಮಿದುಳಿಗೆ ತಲುಪಿ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಕೆಚ್ಚಲಿನ ಪುಟ್ಟ ಹಾಲುಗೂಡುಗಳನ್ನು ಹಿಂಡಿ ಹಾಲನ್ನು ಕೆಳಕ್ಕೆ ಇಳಿಸುತ್ತದೆ. ತೊಳೆದು ಒಂದು ನಿಮಿಷದ ಆಸುಪಾಸಿನಲ್ಲಿ ಮೊಲೆ ಬಿಗಿಯುವುದು ಇದರಿಂದಲೇ. ಹಾರ್ಮೋನಿನ ಪ್ರಭಾವ ಉಳಿಯುವುದು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು. ನಡುವೆ ನಾಯಿ ಬೊಗಳಿದರೆ, ಹೊಸಬರು ಬಂದು ನಿಂತರೆ, ಯಾರಾದರೂ ಗದರಿದರೆ ಹಸುವಿನ ಮೈಯಲ್ಲಿ ಅಡ್ರಿನಲಿನ್ ಏರಿ ಹಾಲಿಳಿಯುವುದು ಅರ್ಧಕ್ಕೇ ನಿಲ್ಲುತ್ತದೆ. ‘ಇವರು ಬಿಟ್ಟರೆ ಬೇರೆಯವರಿಗೆ ಹಾಲು ಕೊಡಲ್ಲ’ ಎಂದು ಹಳ್ಳಿಯಲ್ಲಿ ಕೇಳಿಬರುವ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಹಳ್ಳಿಕಾರ್‌ನಂಥ ನಾಟಿ ಹಸುಗಳಂತೂ ಕರು ಬಾಯಿ ಹಾಕದೆ ತೊರೆ ಬಿಡುವುದೇ ಅಪರೂಪ. ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಕರುವಿನ ಹಂಗು ಅಷ್ಟಿಲ್ಲ.

ಪ್ರತಿ ಮೊಲೆಯಿಂದ ಮೊದಲ ಎರಡು ಮೂರು ಸೆಲೆಯನ್ನು ಬೇರೆ ಬಟ್ಟಲಿಗೆ ಕರೆದು ನೋಡುವುದು ಒಳ್ಳೆಯ ಪದ್ಧತಿ. ಮೊಲೆಯ ತುದಿಯಲ್ಲಿ ಸೇರಿಕೊಂಡ ಸೂಕ್ಷ್ಮಾಣುಗಳು ಅದರಲ್ಲೇ ಹೋಗುತ್ತವೆ. ಹಾಲಿನಲ್ಲಿ ಗರಣೆ ಅಥವಾ ರಕ್ತದ ಎಳೆ ಕಂಡರೆ ಕೆಚ್ಚಲು ಬಾವು ಹತ್ತಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಹೈನುಗಾರರಿಗೆ ಇಷ್ಟು ನಷ್ಟ ತರುವ ಕಾಯಿಲೆಗಳು ಕೆಲವೇ. ಒಂದು ಮೊಲೆ ಕೆಟ್ಟರೆ ಆ ಭಾಗದ ಹಾಲು ಎಷ್ಟೋ ವೇಳೆ ಶಾಶ್ವತವಾಗಿ ಹೋಗುತ್ತದೆ. ಅಂಗೈ ಮತ್ತು ಬೆರಳುಗಳ ನಡುವೆ ಮೊಲೆಯನ್ನು ಪೂರ್ತಿ ಹಿಡಿದು ಮುಷ್ಟಿಯಲ್ಲಿ ಕರೆಯುವುದು ಸರಿಯಾದ ರೀತಿ. ಹೆಬ್ಬೆರಳು ಮಡಿಸಿ ಗೆಣ್ಣಿನಿಂದ ಒತ್ತುವ ಅಭ್ಯಾಸ ಬಹಳ ಜನರಿಗಿದೆ; ಅದು ಮೊಲೆಯ ಒಳಪದರಕ್ಕೆ ಪೆಟ್ಟು ಕೊಟ್ಟು ಬಾವಿಗೆ ದಾರಿ ಮಾಡುತ್ತದೆ.

ಕೊನೆಯ ಹನಿಯವರೆಗೆ ಕರೆಯಬೇಕೆನ್ನುವುದಕ್ಕೂ ಲೆಕ್ಕವಿದೆ. ಕೊಬ್ಬು ಹಾಲಿನಲ್ಲಿ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಮೊದಲ ಸೆಲೆಗಳ ಹಾಲು ನೀರಾಗಿರುತ್ತದೆ, ಕೊನೆಯದು ಗಟ್ಟಿ. ಕರುವಿಗೆಂದು ಕೊನೆಯ ಹಾಲು ಬಿಟ್ಟ ಮನೆಯವರು ಡೈರಿಯಲ್ಲಿ ಫ್ಯಾಟ್ ಬರಲಿಲ್ಲವೆಂದು ಪೇಚಾಡುತ್ತಾರೆ. ಕರುವಿಗೆ ಹಾಲು ಬೇಕೇಬೇಕು ಎಂಬುದು ನಿಜ, ಹುಟ್ಟಿದ ಮೊದಲ ದಿನಗಳ ಗಿಣ್ಣು ಹಾಲಂತೂ ಅದರ ಪಾಲಿಗೆ ಲಸಿಕೆಯೂ ಹೌದು. ಅದಕ್ಕೇ ಅಳೆದು ಬೇರೆಯಾಗಿ ಕುಡಿಸುವವರು ಈಗ ಹೆಚ್ಚುತ್ತಿದ್ದಾರೆ.

ಐದಾರು ಹಸುಗಳಿಗಿಂತ ಹೆಚ್ಚು ಇರುವಲ್ಲಿ ಕರೆಯುವ ಯಂತ್ರ ಬಂದಿದೆ. ಕರುವಿನ ಚೀಪುವಿಕೆಯಂತೆ ಎಳೆದು ಬಿಡುವ ಕೆಲಸವನ್ನು ಅದು ನಿಮಿಷಕ್ಕೆ ಸುಮಾರು 60 ಬಾರಿ ಮಾಡುತ್ತದೆ. ಬೆರಳು ನೋವು ಹೋಯಿತು, ಆಳಿನ ಹಂಗು ತಪ್ಪಿತು. ಆದರೆ ಹಾಲು ಮುಗಿದ ಮೇಲೂ ಬಟ್ಟಲುಗಳನ್ನು ಬಿಚ್ಚದಿದ್ದರೆ ಮೊಲೆಯ ತುದಿ ಹುಣ್ಣಾಗುತ್ತದೆ. ಕರೆಂಟು ಹೋದ ಬೆಳಿಗ್ಗೆ, ಕೈಯಲ್ಲಿ ಕರೆಯುವ ರೂಢಿ ತಪ್ಪಿದ ಮನೆಯವರ ಪಾಡು ಬೇಡ.

ಕರೆದಾದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು ಪಶುವೈದ್ಯರ ಸಲಹೆ. ಮೊಲೆಯ ತುದಿಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಹಸು ಸಗಣಿಯ ನೆಲದ ಮೇಲೆ ಮಲಗಿದರೆ ರೋಗಾಣು ಒಳಗೆ ಹೊಗುತ್ತದೆ. ಹಸಿ ಹುಲ್ಲನ್ನು ಆಗಲೇ ಗೋದಲಿಗೆ ಹಾಕುವ ಉಪಾಯ ಇದಕ್ಕೇ: ತಿನ್ನುವ ಹಸು ನಿಂತೇ ಇರುತ್ತದೆ.

ಮುಂದಿನದು ಗಡಿಯಾರದೊಂದಿಗಿನ ಓಟ. ಕೆಚ್ಚಲಿಂದ ಬಂದ ಹಾಲು ಹಸುವಿನ ಮೈಯಷ್ಟೇ ಬಿಸಿ. ಸೂಕ್ಷ್ಮಾಣು ಬೆಳೆಯಲು ಇದಕ್ಕಿಂತ ಹಿತವಾದ ಜಾಗ ಬೇರೆ ಬೇಕಿಲ್ಲ. ಸೋಸಿ ಸ್ಟೀಲ್ ಕ್ಯಾನಿಗೆ ಸುರಿದು ಬೈಕಿನ ಹ್ಯಾಂಡಲಿಗೋ ಸೊಂಟಕ್ಕೋ ಏರಿಸಿ ಹೊರಡುತ್ತಾರೆ. ಶಾಲೆಗೆ ಹೊರಡುವ ಮುನ್ನ ಕ್ಯಾನು ಮುಟ್ಟಿಸಿ ಬರುವ ಮಕ್ಕಳನ್ನು ಯಾವ ಊರಿನಲ್ಲಾದರೂ ಕಾಣಬಹುದು.

ಡೈರಿಯ ಮೇಜಿನ ಮೇಲೆ ಎರಡು ಅಂಕಿಗಳು ದಿನದ ಆದಾಯವನ್ನು ತೀರ್ಮಾನಿಸುತ್ತವೆ. ಒಂದು ಫ್ಯಾಟ್, ಅಂದರೆ ಜಿಡ್ಡಿನ ಅಂಶ. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಪ್ರೋಟೀನು, ಲ್ಯಾಕ್ಟೋಸ್, ಖನಿಜ ಮೊದಲಾದ ಗಟ್ಟಿ ಪದಾರ್ಥ. ಹಸುವಿನ ಹಾಲಿಗೆ ಶೇ 3.5 ಫ್ಯಾಟ್, ಶೇ 8.5 ಎಸ್‌ಎನ್‌ಎಫ್ ಎಂಬುದು ರಾಜ್ಯದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಳತೆ. ಹಿಂದೆ ಪ್ರತಿ ಮಾದರಿಗೂ ಗಂಧಕಾಮ್ಲ ಬೆರೆಸಿ, ಗಾಜಿನ ಕೊಳವೆಯಲ್ಲಿಟ್ಟು ಗಿರಗಿರ ತಿರುಗಿಸಿ ಜಿಡ್ಡನ್ನು ಬೇರ್ಪಡಿಸುತ್ತಿದ್ದರು. ಈಗ ಯಂತ್ರದ ಕೊಳವೆಯನ್ನು ಹಾಲಿಗೆ ಅದ್ದಿದರೆ ನಿಮಿಷದೊಳಗೆ ಚೀಟಿ ಬರುತ್ತದೆ. ಆದರೂ ರೈತರ ಮಾತಿನಲ್ಲಿ ‘ಡಿಗ್ರಿ’ ಉಳಿದಿದೆ. ಅದು ಹಾಲಿನಲ್ಲಿ ತೇಲಿಬಿಡುವ ಲ್ಯಾಕ್ಟೋಮೀಟರ್ ಕಡ್ಡಿಯ ಕಾಲದ ಮಾತು. ನೀರು ಬೆರೆತ ಹಾಲಿನಲ್ಲಿ ಆ ಕಡ್ಡಿ ಹೆಚ್ಚು ಮುಳುಗಿ ಡಿಗ್ರಿ ಕಡಿಮೆ ತೋರುತ್ತದೆ. ಬೆಚ್ಚಗಿನ ಹಾಲಿನಲ್ಲೂ ಅದು ಹೆಚ್ಚು ಮುಳುಗುವುದರಿಂದ, ಉಷ್ಣತೆಯ ಲೆಕ್ಕ ಹಿಡಿಯದೆ ಅಳೆದರೆ ನೀರೇ ಬೆರೆಸದವರ ಮೇಲೂ ಅನುಮಾನ ಬರುತ್ತದೆ. ಡೈರಿ ಮುಂದಿನ ಬೆಳಗಿನ ಜಗಳಗಳಿಗೆ ಇದು ಹಳೆಯ ಕಾರಣ.

ಬೆಳಗಿನ ಹಾಲು ಸಂಜೆಯದಕ್ಕಿಂತ ಹೆಚ್ಚು, ಫ್ಯಾಟು ಮಾತ್ರ ಸ್ವಲ್ಪ ಕಡಿಮೆ. ರಾತ್ರಿಯ ಬಿಡುವು ಹಗಲಿನದಕ್ಕಿಂತ ಉದ್ದವಾಗಿರುವುದರಿಂದ ಹೀಗಾಗುತ್ತದೆ. ಹಸುವಿನಲ್ಲಾಗಲಿ ಪರೀಕ್ಷೆಯಲ್ಲಾಗಲಿ ದೋಷವಿರಬೇಕೆಂದಿಲ್ಲ. ಒಣಹುಲ್ಲು ಇಲ್ಲದೆ ಬರೀ ಹಸಿ ಮೇವು ಮತ್ತು ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಫ್ಯಾಟು ಇಳಿಯುತ್ತದೆ. ನಾರು ಹೊಟ್ಟೆಯಲ್ಲಿ ಹುದುಗಿ ಉಂಟಾಗುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಮೂಲ. ಬಯಲುಸೀಮೆಯ ರೈತರು ರಾಗಿ ಹುಲ್ಲಿನ ಮೆದೆಗೆ ಕೊಡುವ ಬೆಲೆ ಅನುಭವದಿಂದ ಬಂದದ್ದು. ಶಾಸ್ತ್ರವೂ ಅದನ್ನೇ ಹೇಳುತ್ತದೆ.

ಡೈರಿಯಲ್ಲಿ ಅಳೆದ ಹಾಲು ಅಲ್ಲಿಂದ ನೇರ ಶೀತಲೀಕರಣಕ್ಕೆ ಹೋಗುತ್ತದೆ. ಊರಿನಲ್ಲೋ ಪಕ್ಕದ ಊರಿನಲ್ಲೋ ಇರುವ ಬಿಎಂಸಿ ಎಂಬ ದೊಡ್ಡ ತೊಟ್ಟಿಯಲ್ಲಿ ಅದನ್ನು 4 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ ಟ್ಯಾಂಕರಿನಲ್ಲಿ ಜಿಲ್ಲಾ ಒಕ್ಕೂಟಕ್ಕೆ ಸಾಗಿಸುತ್ತಾರೆ. ಹಳ್ಳಿಯ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯ ಮಹಾಮಂಡಳ ಎಂಬ ಈ ಮೂರು ಮೆಟ್ಟಿಲ ಏರ್ಪಾಡು ಗುಜರಾತಿನ ಆಣಂದದ ಮಾದರಿಯದು. ಕರ್ನಾಟಕದಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ 1974ರಲ್ಲಿ ಆರಂಭವಾಯಿತು; 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ‘ನಂದಿನಿ’ ಅದರ ಬ್ರ್ಯಾಂಡ್ ಹೆಸರು. 2024ರ ಮಳೆಗಾಲದಲ್ಲಿ ಮಹಾಮಂಡಳದ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಸಹಕಾರಿ ಹಾಲು ಸಂಗ್ರಹದಲ್ಲಿ ಗುಜರಾತ್ ಬಿಟ್ಟರೆ ಕರ್ನಾಟಕವೇ ಮುಂದು. ನಗರದವರ ಬೆಳಗಿನ ಕಾಫಿಗೆ ಬರುವ ಪ್ಯಾಕೆಟ್ಟಿನ ಹಿಂದೆ ಐದೋ ಹತ್ತೋ ಲೀಟರಿನ ಕ್ಯಾನು ಹಿಡಿದು ಸಾಲು ನಿಂತ ಮನೆಗಳಿವೆ.

ಆ ಸಾಲಿನಲ್ಲಿ ಹೆಂಗಸರೇ ಹೆಚ್ಚು. ಬಾಚುವುದು, ಕರೆಯುವುದು, ಮೇವು ತರುವುದು ಬಹುತೇಕ ಅವರದೇ ಕೆಲಸವಾದರೂ ಸದಸ್ಯತ್ವದ ಪುಸ್ತಕ ಬಹಳ ಕಾಲ ಗಂಡಸರ ಹೆಸರಿನಲ್ಲಿತ್ತು. ಮಹಿಳೆಯರೇ ಸದಸ್ಯರಾಗಿ, ಅವರೇ ಆಡಳಿತ ನಡೆಸುವ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬಂದ ಮೇಲೆ ಸ್ವಲ್ಪ ಮಟ್ಟಿಗೆ ಇದು ಬದಲಾಗಿದೆ. ಹಾಲಿನ ದುಡ್ಡು ತನ್ನ ಖಾತೆಗೇ ಬಂದಾಗ ಮನೆಯ ಖರ್ಚಿನ ತೀರ್ಮಾನದಲ್ಲಿ ಹೆಂಗಸಿನ ಮಾತಿಗೆ ತೂಕ ಬರುತ್ತದೆ.

ಡೈರಿಯಿಂದ ಮರಳಿದ ಮೇಲೂ ಬೆಳಗಿನ ಕೆಲಸ ಮುಗಿದಿರುವುದಿಲ್ಲ. ಕ್ಯಾನು, ಬಕೆಟ್ಟುಗಳನ್ನು ಸೋಪಿನ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ಹಸುಗಳಿಗೆ ನೀರು ಕುಡಿಸಬೇಕು. ಹಾಲಿನಲ್ಲಿ ಶೇ 87ರಷ್ಟು ನೀರೇ ಇರುವುದರಿಂದ ಕುಡಿಯುವುದು ಕಡಿಮೆಯಾದರೆ ಅದೇ ದಿನ ಹಾಲು ಇಳಿಯುತ್ತದೆ. ಹಾಲು ಕೊಡುವ ದೊಡ್ಡ ಹಸು ದಿನಕ್ಕೆ 60–80 ಲೀಟರ್ ಕುಡಿಯುವುದು ಸಾಮಾನ್ಯ. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಕೋಲಾರದ ಕಡೆಯ ಹೈನುಗಾರರಿಗೆ ಮೇವಿಗಿಂತ ನೀರೇ ಮೊದಲ ಚಿಂತೆ. ಬಿಸಿಲೇರುವ ಮುನ್ನ ನೇಪಿಯರ್ ಹುಲ್ಲನ್ನೋ ಮುಸುಕಿನ ಜೋಳದ ಕಡ್ಡಿಯನ್ನೋ ಕೊಯ್ದು ತಂದು ಯಂತ್ರದಲ್ಲಿ ಕತ್ತರಿಸಿದರೆ ಮಧ್ಯಾಹ್ನದ ಮೇವು ಸಿದ್ಧ. ಕತ್ತರಿಸದೆ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ, ಮೇವು ವ್ಯರ್ಥ. ಎಂಟೂವರೆ, ಒಂಬತ್ತರ ಹೊತ್ತಿಗೆ ಹಸುಗಳನ್ನು ಹೊರಗಿನ ಗೂಟಕ್ಕೆ ಕಟ್ಟಿ ಮೈ ತೊಳೆಯುತ್ತಾರೆ. ಎಚ್‌ಎಫ್ ತಣ್ಣನೆಯ ನಾಡಿನ ತಳಿ. ಅದಕ್ಕೆ ಬಿಸಿಲು ತಾಳದು.

ಹಣ ಕೈಗೆ ಬರುವುದು ಬಟವಾಡೆಯ ದಿನ. ಕೆಲವು ಕಡೆ ವಾರಕ್ಕೊಮ್ಮೆ, ಕೆಲವು ಕಡೆ ಹದಿನೈದು ದಿನಕ್ಕೊಮ್ಮೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನ ಬೇರೆಯಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಅದು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತದೆ. ಸಂಘದಿಂದ ಸಾಲಕ್ಕೆ ತಂದ ಪಶು ಆಹಾರದ ಮೂಟೆ, ಖನಿಜ ಮಿಶ್ರಣ, ವಿಮೆಯ ಕಂತು ಇವನ್ನೆಲ್ಲ ಬಟವಾಡೆಯಲ್ಲೇ ಮುರಿದುಕೊಳ್ಳುತ್ತಾರೆ. ಹಸು ಕೊಳ್ಳಲು ಮಾಡಿದ ಸಾಲವಿದ್ದರೆ ಅದರ ಕಂತೂ ಅಲ್ಲೇ. ಸ್ವಂತ ಜಮೀನಿನಲ್ಲಿ ಮೇವು ಬೆಳೆಯುವ ಮನೆಗೆ ಉಳಿಯುವ ದುಡ್ಡಿಗೂ, ಹುಲ್ಲು ಹಿಂಡಿ ಎರಡನ್ನೂ ಕೊಳ್ಳುವ ಮನೆಗೆ ಉಳಿಯುವ ದುಡ್ಡಿಗೂ ಬಹಳ ಅಂತರವಿರುತ್ತದೆ, ಎರಡು ಕ್ಯಾನುಗಳ ಫ್ಯಾಟು, ಡಿಗ್ರಿ ಒಂದೇ ಇದ್ದರೂ.